ಆಟದ ಪಿಸ್ತೂಲು, ಕಾವಲಿನ ಸೊಂಟ

ಪಿಸ್ತೂಲಿನ ನಳಿಗೆ ತೀರಾ ಉದ್ದವಾಯಿತಲ್ಲ, ಬ್ಯಾಂಕಿನೆದುರು ವ್ಯಾನಿನಿಂದ ಹಣದ ಪೆಟ್ಟಿಗೆ ಇಳಿಸುತ್ತಿರುವ ಮರ್ವಿನ್‌ನ ಸೊಂಟದಲ್ಲಿರುವುದು ಕಾವಲಿನ ಪಿಸ್ತೂಲಲ್ಲ, ಭಾನುವಾರ ಕ್ಲಬ್ಬಿಗೆ ಗುರಿಯಾಟಕ್ಕೆ ತರುತ್ತಿದ್ದದ್ದು, ಗ್ಲೆನಿಸ್‌ಗೆ ಗುರುತು ಸಿಗದೆ ಇದ್ದೀತೆ, ವರ್ಷಗಟ್ಟಲೆ ಅವನ ಕಂಪನಿಯಲ್ಲೇ ಕಾವಲಿಗೆ ನಿಂತವಳು, ಟೌನ್ಸ್‌ವಿಲ್‌ನ ಬಿಸಿಲು ನೆತ್ತಿ ಸುಡುತ್ತಿದೆ, ಸುಡಲಿ — ಗುರಿಯಾಟದ ಲೈಸೆನ್ಸು ಆಟಕ್ಕೆ, ಕಾವಲಿನದು ಕಾವಲಿಗೆ, ಆಟದ್ದು ಮನೆಯ ಉಕ್ಕಿನ ಪೆಟ್ಟಿಗೆಯಲ್ಲಿ, ಕಾವಲಿನದು ಕಂಪನಿಯ ತಿಜೋರಿಯಲ್ಲಿ, ಇದನ್ನು ಕಲಿಸಿದವನೇ ಅವನು, ಕೊನೆಗೊಂದು ಸಂಜೆ ಅವನೇ ಹೇಳಿದ್ದ, ತಿಜೋರಿ ಬೀಗ ಕೆಟ್ಟಿದೆ ಕಣೇ, ಇವತ್ತೊಂದಿನ ಮನೇಲಿಟ್ಕೋ, ಏನಾಗಲ್ಲ, ಬೆಳಗಾದರೆ ತಪಾಸಣೆಯ ಪೊಲೀಸರು ಬಾಗಿಲಲ್ಲಿ, ಕಂಪನಿ ಪಿಸ್ತೂಲು ನಿಮ್ಮನೇಲಿ ಯಾಕಮ್ಮಾ, ಅವನನ್ನು ಕೇಳಿದರೆ, ನಂಗೇನ್ಗೊತ್ತು ಸಾರ್, ಹೇಳ್ದೆ ಕೇಳ್ದೆ ಒಯ್ದಿರ್ಬೇಕು. ಅವಳ ಎರಡೂ ಲೈಸೆನ್ಸು ಹೋದವು, ಕಾವಲಿನದೂ ಆಟದ್ದೂ, ಕೆಲಸ ಹೋಯಿತು, ಆಟದ ಲೈಸೆನ್ಸಿನಲ್ಲಿ ಇಟ್ಟುಕೊಂಡಿದ್ದ ಅಪ್ಪನ ಪಿಸ್ತೂಲೂ ಹೋಯಿತು, ಅದನ್ನು ಹಿಡಿಸಿ ಅಪ್ಪ ಕಲಿಸಿದ್ದ, ಮೊದ್ಲು ಉಸಿರು ಬಿಡು ಮಗಳೇ, ಆಮೇಲೆ ಬೆರಳು — ಅದನ್ನು ಪೊಲೀಸರು ಯಂತ್ರಕ್ಕೆ ಹಾಕಿ ನುಜ್ಜುಗುಜ್ಜು ಮಾಡಿದರಂತೆ.

ಏನೇ ಗ್ಲೆನ್, ಕಾಣೋದೇ ಇಲ್ವಲ್ಲ, ಇನ್ನೂ ಕೋಪಾನಾ, ಪೆಟ್ಟಿಗೆ ಹಿಡಿದ ಮರ್ವಿನ್ ನಗುತ್ತಾನೆ, ಅವಳೂ ನಗುತ್ತಾಳೆ, ಕೋಪ ಯಾಕೆ ಬಾಸ್, ಬಿಸಿಲಲ್ಲಿ ಒಣಗೋಗಿದೀರಾ, ನೀರು ಕುಡೀರಿ, ಅವನು ಬ್ಯಾಂಕಿನ ಒಳಗೆ ಹೋದದ್ದೇ ತಡ ಅವಳ ಕೈ ಫೋನಿಗೆ ಹೋಗಿದೆ, ಉಸಿರು ಬಿಟ್ಟು ಆಮೇಲೆ ಬೆರಳು, ಪೊಲೀಸಾ, ಮರ್ವಿನ್ ಅಂತ, ಗುರಿಯಾಟದ ಪಿಸ್ತೂಲು ಕಟ್ಕೊಂಡು ಹಣ ಕಾಯ್ತಿದಾನೆ, ಈಗ್ಲೇ ಬನ್ನಿ, ಕಣ್ಣಾರೆ ಕಂಡ್ರಾ, ಎದುರಿಗೇ ನಿಂತಿದೀನಿ. ಬಂದರು, ಎಷ್ಟು ಬೇಗ ಬಂದರು, ಬ್ಯಾಂಕಿನಿಂದ ಹೊರಬಂದವನಿಗೆ ಇನ್‌ಸ್ಪೆಕ್ಟರಮ್ಮ ಸೊಂಟದ ಪಟ್ಟಿ ಬಿಚ್ಚು ಅನ್ನುತ್ತಾಳೆ, ಕಂಪನೀದು ರಿಪೇರಿಗೆ ಹೋಗಿದೆ ಮೇಡಂ, ಕಾವಲಿಗೆ ಬೇರೆ ಜನಾನೂ ಸಿಗ್ಲಿಲ್ಲ, ಗ್ಲೆನ್, ನೀನಾದ್ರೂ ಹೇಳೇ, ನಾನೆಂಥವ್ನು ಅಂತ ನಿಂಗೊತ್ತಲ್ಲ, ಗೊತ್ತು ಬಾಸ್, ಅದಕ್ಕೇ ಕರೆಸಿದ್ದು. ಹೋಗಲಿ, ಇವನ ಲೈಸೆನ್ಸೂ ಹೋಗಲಿ, ಕಂಪನಿಗೆ ಬೀಗ ಬೀಳಲಿ, ಈ ಪಿಸ್ತೂಲೂ ಯಂತ್ರದ ಬಾಯಿಗೆ ಬೀಳಲಿ, ಎಷ್ಟು ದಿನ ಕಾದಿದ್ದಳು, ಈಗ ಎದೆ ತಣ್ಣಗಾಗಬೇಕು, ಆಗುತ್ತದೆ — ಪಟ್ಟಿ ಬಿಚ್ಚಿದ ಕಡೆ ಅವನ ನೀಲಿ ಅಂಗಿ ಬೆವರಿಗೆ ಒದ್ದೆ, ಪಿಸ್ತೂಲಿನದೇ ಆಕಾರ, ಕೈಯೆತ್ತಿಕೊಂಡು ಜೀಪಿನತ್ತ ನಡೆಯುತ್ತಾನೆ, ಆ ಒದ್ದೆ ಗುರುತು, ತಿರುಗಿ ಇವಳನ್ನು ನೋಡುತ್ತಾನೆ, ಮುದುಕನಾಗಿದ್ದಾನೆ, ಯಾವಾಗ ಆದ, ಬೇಡ, ಅದು ಬೇಡ, ನುಜ್ಜಾದದ್ದನ್ನು ನೆನೆಯಬೇಕು, ಅಪ್ಪನ — ಆ ಒದ್ದೆ ಗುರುತು, ಅಂಗಿಗೆ ಅಂಟಿದ ಆ ಒದ್ದೆ ಗುರುತು