ಅತ್ತೆಯ ಸೌತೆಬೀಜ

ಅತ್ತೆ ತೀರಿಕೊಂಡಾಗ ಒಡವೆ, ಪಾತ್ರೆ, ಹಾಸಿಗೆಗಳನ್ನು ಇಬ್ಬರು ಸೊಸೆಯರೂ ಚಕಾರವೆತ್ತದೆ ಹಂಚಿಕೊಂಡರು. ಸೌತೆಬೀಜವನ್ನು ಮಾತ್ರ ಹಿರಿಸೊಸೆ ಯಾರ ಕಣ್ಣಿಗೂ ಬೀಳದಂತೆ ಕೈಚೀಲದ ತಳಕ್ಕೆ ಸೇರಿಸಿದಳು. ಒಡವೆಯೇನು, ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಅತ್ತೆಯ ಅತ್ತೆಯ ಕಾಲದಿಂದ ಆ ಹಿತ್ತಲಲ್ಲೇ ಬೆಳೆದ, ಹೆಬ್ಬೆರಳಿನಷ್ಟೇ ಉದ್ದದ, ಮೈತುಂಬ ಕಪ್ಪು ಮುಳ್ಳಿನ ಉಪ್ಪಿನಕಾಯಿ ಸೌತೆ ಎಲ್ಲಿ ಸಿಗಬೇಕು?

ಅಂದಿನಿಂದ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪಕ್ಕದ ಮನೆಯ ಸೌತೆಹೂವಿನಿಂದ ಜೇನುನೊಣ ಹಾರಿಬಂದು ತನ್ನ ಬಳ್ಳಿಯ ಕುಲ ಕೆಡಿಸೀತೆಂದು, ಬೆಳಗಾಗುವ ಮೊದಲೇ ಹೆಣ್ಣು ಹೂವುಗಳ ಬಾಯಿಗೆ ದಾರ ಕಟ್ಟುತ್ತಿದ್ದಳು. ಆಮೇಲೆ ತಾನೇ ಗಂಡು ಹೂವು ಕಿತ್ತು ತಂದು ಒಂದೊಂದಕ್ಕೂ ಸವರುತ್ತಿದ್ದಳು. ಹೆತ್ತ ಮಗಳನ್ನೂ ಅವಳು ಹೀಗೆ ಕಾವಲು ಕಾದಿರಲಿಲ್ಲ.

ಒಂದು ದಿನ ಕಿರಿಸೊಸೆ ಬಂದಳು. “ಅಕ್ಕಾ, ನಮ್ಮ ಹಿತ್ತಲಿಗೂ ಒಂದಷ್ಟು ಬೀಜ ಕೊಡ್ತೀರಾ? ನಮ್ಮನೆಯವರಿಗೆ ಅಮ್ಮನ ಉಪ್ಪಿನಕಾಯಿ ಅಂದ್ರೆ ಪ್ರಾಣ.”

ಹಿರಿಸೊಸೆಯ ಗಂಡ ಎದುರಿಗೇ ಕೂತಿದ್ದ. ಇಲ್ಲ ಎನ್ನುವಂತಿರಲಿಲ್ಲ.

“ಅದಕ್ಕೇನಂತೆ, ನೀನೇನು ಹೊರಗಿನವಳಾ? ಎರಡು ದಿನ ಬಿಟ್ಟು ಬಾ, ಒಳ್ಳೊಳ್ಳೇದು ಆರಿಸಿಡ್ತೀನಿ.”

ಆರಿಸಿದಳು. ಆರಿಸಿದ್ದನ್ನು ಕುದಿಯುವ ನೀರಿಗೆ ಹಾಕಿ ಚೆನ್ನಾಗಿ ಬೇಯಿಸಿದಳು, ನೆರಳಲ್ಲಿ ಒಣಗಿಸಿದಳು, ಅಂದವಾಗಿ ಪೊಟ್ಟಣ ಕಟ್ಟಿದಳು. ಕೊಟ್ಟ ಹೆಸರೂ ಬಂತು, ಕೊಡದ ನೆಮ್ಮದಿಯೂ ಉಳಿಯಿತು. ಇನ್ನು ಆ ರುಚಿಗೆ ತಾನೊಬ್ಬಳೇ ವಾರಸುದಾರಳು.

ಕಾಯಿ ಬಿಡುವ ಕಾಲ ಕಳೆದ ಮೇಲೆ ಕಿರಿಸೊಸೆ ಎಲ್ಲರನ್ನೂ ಊಟಕ್ಕೆ ಕರೆದಳು. ಪಾಪ, ಬರಿಗೈಯಲ್ಲಿ ಕೂತಿರುತ್ತಾಳೆಂದು ಹಿರಿಸೊಸೆ ತನ್ನದೇ ಒಂದು ಜಾಡಿ ಹೊತ್ತುಕೊಂಡು ಹೋದಳು. ಹೋಗಿ ನೋಡಿದರೆ ಊಟದ ಮೇಜಿನ ಮೇಲೆ ಇನ್ನೊಂದು ಜಾಡಿ, ಕತ್ತಿನವರೆಗೆ ಸೌತೆ!

ಬೆಂದ ಬೀಜ ಎಲ್ಲಾದರೂ ಹುಟ್ಟುವುದುಂಟೇ? ಇದು ಮೋಸ, ಯಾವುದೋ ಅಂಗಡಿ ಬೀಜ ಎಂದು ಅವಳಿಗೆ ಕೂಗಬೇಕೆನ್ನಿಸಿತು. ನಿನಗೆ ಹೇಗೆ ಗೊತ್ತು ಎಂದು ಯಾರಾದರೂ ಕೇಳಿದರೆ? ತಾನು ತಂದ ಜಾಡಿಯನ್ನು ಅದರ ಪಕ್ಕಕ್ಕೇ ಇಟ್ಟಳು.

ಗಂಡ ಮೊದಲು ಹೆಂಡತಿಯ ಜಾಡಿಯದನ್ನು ಕಚ್ಚಿದ. “ಒಂಚೂರು ಕಹಿ ಅಲ್ವಾ?” ಎಂದ. ಆಮೇಲೆ ಇನ್ನೊಂದು ಜಾಡಿಯದನ್ನು ಕಟಕ್ಕನೆ ಕಚ್ಚಿದವನೇ ಕಣ್ಣು ಮುಚ್ಚಿದ. ತೆರೆದಾಗ ಕಣ್ಣು ಒದ್ದೆಯಾಗಿತ್ತು.

“ಅಮ್ಮನೇ ಎದ್ದು ಬಂದು ಮಾಡಿದ ಹಾಗಿದೆ ಕಣೋ,” ಎಂದು ತಮ್ಮನ ಭುಜ ಹಿಡಿದುಕೊಂಡ. “ಅಸಲಿ ಇದು. ನಮ್ಮನೇಲಿ ತಳಿ ಕೆಟ್ಟುಹೋಗಿದೆ.”

“ಇದರ ಮೇಲೆ ಕಪ್ಪು ಮುಳ್ಳೇ ಇಲ್ವಲ್ಲ,” ಎಂದಳು ಹಿರಿಸೊಸೆ.

“ನಾಲಿಗೆಗೆ ಮುಳ್ಳು ಯಾಕೆ ಬೇಕು ಕಣೇ? ಹೊಟ್ಟೆಕಿಚ್ಚಿಗೂ ಒಂದು ಮಿತಿ ಇರ್ಬೇಕು,” ಎಂದ ಗಂಡ.

ಊಟವಾದ ಮೇಲೆ ಕಿರಿಸೊಸೆ ಅವಳ ಕೈ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು.

“ಬೈಬೇಡಿ ಅಕ್ಕಾ. ನೀವು ಕೊಟ್ಟಿದ್ದು ಒಂದೂ ಹುಟ್ಟಲಿಲ್ಲ. ನಾನೇ ನೀರು ಜಾಸ್ತಿ ಹಾಕಿ ಕೊಳೆಸಿದೆನೋ ಏನೋ. ಅಷ್ಟು ಪ್ರೀತಿಯಿಂದ ಕೊಟ್ಟಿದ್ರಿ, ನಿಮಗೆ ಬೇಜಾರಾಗಬಾರದು ಅಂತ ಅಂಗಡಿ ಬೀಜ ತಂದು ಹಾಕಿದೆ. ಈಗ ಭಾವ ಅಷ್ಟು ಸಂತೋಷಪಟ್ರಲ್ಲ, ನನಗೆ ಹೇಳೋಕೆ ಬಾಯೇ ಬರ್ತಿಲ್ಲ. ನೀವೇ ಹೇಳಿಬಿಡಿ.”

ಹಿರಿಸೊಸೆಗೆ ಹೋದ ಜೀವ ಬಂದಂತಾಯಿತು. ಬಾಗಿಲವರೆಗೆ ಧಾವಿಸಿ ಅಲ್ಲೇ ನಿಂತಳು. ಒಂದೂ ಹುಟ್ಟಲಿಲ್ಲ ಎಂದರೆ, ಅದೇ ಬೀಜ ನಮ್ಮ ಹಿತ್ತಲಲ್ಲಿ ಎಲ್ಲವೂ ಹುಟ್ಟಿತಲ್ಲ ಎನ್ನುತ್ತಾನೆ ಗಂಡ. ದಿನವಿಡೀ ಟಿಕೆಟ್ ಕೌಂಟರಿನಲ್ಲಿ ಕೂತು, ಸುಳ್ಳು ಹೇಳುವವರ ಮುಖ ಓದಿ ಪಳಗಿದವನು ಅವನು. ಸಾಲದ್ದಕ್ಕೆ, ಅವನು ಕಹಿ ಎಂದು ಬದಿಗಿಟ್ಟಿದ್ದೇ ಅವನಮ್ಮನ ಸೌತೆ. ಆ ಮಾತು ಹೊರಬಿದ್ದರೆ, ತಾನು ಇಷ್ಟು ವರ್ಷ ಕಾದ ಕುಲಕ್ಕೆ ಮರ್ಯಾದೆ ಎಲ್ಲಿ ಉಳಿದೀತು?

“ಬೇಡ ಬಿಡು,” ಎಂದಳು. “ಯಾರಿಗೂ ಹೇಳೋದು ಬೇಡ.”

“ಎಷ್ಟು ದೊಡ್ಡ ಮನಸ್ಸು ಅಕ್ಕಾ ನಿಮ್ಮದು!” ಎಂದು ಕಿರಿಸೊಸೆ ಕಣ್ಣೊರೆಸಿಕೊಂಡಳು.

ಮುಂದಿನ ಬಿತ್ತನೆಯ ಹೊತ್ತಿಗೆ ಗಂಡ ತಮ್ಮನ ಮನೆಯಿಂದ ಬೀಜ ತಂದ. ಮನೆಯಲ್ಲಿದ್ದ ಹಳೆಯದನ್ನು ಒಂದು ಕಾಳೂ ಬಿಡದೆ ಒಲೆಗೆ ಸುರಿದ. ಆಮೇಲೆ ಹೆಂಡತಿಯನ್ನು ಹಿತ್ತಲಿನ ಸಸಿಮಡಿಯ ಮುಂದೆ ಕೂರಿಸಿ, ತಾನು ಬೆನ್ನ ಹಿಂದೆ ನಿಂತ.

“ಹುಷಾರು,” ಎಂದ. “ಅಮ್ಮನ ಬೀಜ ಅದು.”

“ಹೂಂ,” ಎಂದಳು ಹಿರಿಸೊಸೆ, ಬೆರಳಿನಿಂದ ಮಣ್ಣಿಗೆ ಗುಳಿ ಒತ್ತುತ್ತ.