ನೇರ ಎದುರು ದಡ

೨೦೨೪ರ ಸೆಪ್ಟೆಂಬರ್ ೩, ಬೆಳಿಗ್ಗೆ ಹತ್ತು ಇಪ್ಪತ್ತು. ಗೋಣಿಕೊಪ್ಪಲಿನ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಮೇಷ್ಟ್ರು ಮಧುಸೂದನ ಹಲಗೆಯ ಮೇಲೆ ಲೆಕ್ಕ ಬರೆದಿದ್ದರು. ಹೊಳೆಯ ಅಗಲ ಎಂಬತ್ತು ಮೀಟರ್. ನಿಂತ ನೀರಿನಲ್ಲಿ ದೋಣಿಯ ವೇಗ ಸೆಕೆಂಡಿಗೆ ಒಂದು ಮೀಟರ್, ಹರಿವಿನದು ೦.೬, ನೇರ ಎದುರು ದಡ ಮುಟ್ಟಲು ಎಷ್ಟು ಹೊತ್ತು?

ಎಂಬತ್ತು ಸೆಕೆಂಡು ಎಂದು ತಾವೇ ಬರೆದು, ಅದಕ್ಕಿಂತ ಹೆಚ್ಚು ಹೇಳಿದ್ದ, ಹೊಳೆದಡದ ಊರಿನ ಶೋಭಿತಾಳನ್ನು ಎಬ್ಬಿಸಿದರು. “ನಿಮ್ಮ ನೆಲ್ಯಹುದಿಕೇರಿಯಲ್ಲಿ ದೋಣಿಗೂ ನಿದ್ದೆ ಬರ್ತದಾ?”

ತರಗತಿ ನಕ್ಕಿತು.

“ನೇರ ಹುಟ್ಟು ಹಾಕಿದ್ರೆ ಹೊಳೆ ಕೆಳಗೆ ಎಳ್ಕೊಂಡು ಹೋಗ್ತದೆ ಸರ್. ನಮ್ಮಲ್ಲಿ ದೋಣಿ ಮೂತಿ ಹರಿವಿಗೆ ಎದುರಾಗಿ ಓರೆ ತಿರುಗಿಸಿಯೇ ಬಿಡೋದು. ಆಗ ಸ್ವಲ್ಪ ವೇಗ ಹರಿವನ್ನ ತಡೆಯೋಕೇ ಹೋಗಿ, ದಾಟೋಕೆ ಉಳಿಯೋದು ಸೊನ್ನೆ ಪಾಯಿಂಟ್ ಎಂಟೇ.”

ಮಧುಸೂದನ ಹಲಗೆಯ ಮೇಲಿನ ‘ನೇರ ಎದುರು ದಡ’ವನ್ನು ಇನ್ನೊಮ್ಮೆ ಓದಿದರು. ಹುಡುಗಿ ಇನ್ನೂ ನಿಂತೇ ಇದ್ದಳು. ‘ತಪ್ಪು ನಂದಮ್ಮ, ಕೂತ್ಕೊ’ ಎನ್ನಲು ಬಾಯಿ ಬರಲಿಲ್ಲ. ತಮ್ಮ ಉತ್ತರವನ್ನು ಅಂಗೈಯಲ್ಲೇ ಒರೆಸಿ, ತರಗತಿಗೆ ಬೆನ್ನು ಹಾಕಿಕೊಂಡೇ ಅವಳದನ್ನು ಬರೆದರು: ನೂರು ಸೆಕೆಂಡು.