ಬಿಟರ್ನ್‌ಗೆ ಎರಡನೆಯ ಸಾಕ್ಷಿ

ಯಾರ್ಕ್‌ಶೈರಿನ ಕಲ್ಲಿದ್ದಲ ಗಣಿ ಮುಚ್ಚಿದ ಮೇಲೆ ನೀರು ನಿಂತು ಪಕ್ಷಿಧಾಮವಾದ ಜೌಗು ಅದು. ಜನವರಿಯ ಆ ಭಾನುವಾರ ದಾರಿಯ ಕೆಸರೂ ಹೆಪ್ಪುಗಟ್ಟಿತ್ತು. ಹಕ್ಕಿ ನೋಡಲು ಬಂದ ಏಳು ಜನರ ಸಾಲಿನ ಕೊನೆಯಲ್ಲಿ, ಎಂದಿನಂತೆ, ಹಿಲ್ಡಾ ನಡೆಯುತ್ತಿದ್ದಳು. ಯಾರೂ ಹಿಂದುಳಿಯದಂತೆ ನೋಡಿಕೊಳ್ಳುವುದು, ಗೇಟು ಹಾಕುವುದು ಆರು ಚಳಿಗಾಲಗಳಿಂದ ಅವಳ ಪಾಲಿನ ಕೆಲಸ. ತಂಡ ನಡೆಸುವ ಕ್ಲೈವ್‌ಗೆ ಮುಂದಿನ ತಿಂಗಳು ಸೊಂಟದ ಶಸ್ತ್ರಚಿಕಿತ್ಸೆ. ತನ್ನ ನಂತರ ಯಾರೆಂದು ಇವತ್ತು ಹೇಳುತ್ತೇನೆ ಎಂದಿದ್ದ. ಶಾಲೆಯ ಅಡುಗೆಮನೆಯಲ್ಲಿ ದುಡಿಯುತ್ತಾ ಸಂಜೆ ತರಗತಿಯಲ್ಲಿ ಹಕ್ಕಿಗಳನ್ನು ಕಲಿತ ಹಿಲ್ಡಾಳಿಗೆ ಆ ಜಾಗ ಬೇಕಿತ್ತು. ಬಾಯಿಬಿಟ್ಟು ಕೇಳಿರಲಿಲ್ಲ.

ಹಕ್ಕಿ ನೋಡಲೆಂದೇ ಕಟ್ಟಿದ ಮರದ ಗುಡಿಸಲಿನ ಕಿಂಡಿಗಳಿಂದ ಹೆಚ್ಚಿನವರು ಎಡಗಡೆಯ ಬಾತುಗಳನ್ನು ಎಣಿಸುತ್ತಿದ್ದಾಗ, ಹಿಲ್ಡಾಳ ಕಣ್ಣೆದುರು ಬಲಗಡೆಯ ಜೊಂಡು ಅಲುಗಿತು. ಗಾಳಿ ಇರಲಿಲ್ಲ. ಕಂದು ಗೆರೆಗಳ ಕುತ್ತಿಗೆಯೊಂದು ನೆಟ್ಟಗೆ ನಿಂತು, ಎರಡು ಹೆಜ್ಜೆ ಇಟ್ಟು, ಜೊಂಡಿನೊಳಗೆ ಜೊಂಡಾಗಿ ಹೋಯಿತು. ಬಿಟರ್ನ್! ಜೊಂಡಿನಲ್ಲಿ ಅಡಗಿರುವ, ಕೊಕ್ಕರೆ ಜಾತಿಯ ಆ ಹಕ್ಕಿ ಇಲ್ಲಿ ಕಂಡು ಒಂಬತ್ತು ವರ್ಷವಾಗಿತ್ತು.

ಕನಿಷ್ಠ ಇಬ್ಬರು ನೋಡದ ಹಕ್ಕಿ ದಿನದ ಪಟ್ಟಿಗೆ ಸೇರುವುದಿಲ್ಲ. ಅದು ತಂಡದ ಕಟ್ಟಳೆ. ಟೀ ಫ್ಲಾಸ್ಕುಗಳನ್ನು ತೆರೆದ ಹೊತ್ತಿಗೆ ಕ್ಲೈವ್ ಪಟ್ಟಿ ಓದಿದ. ಕೊನೆಗೆ ಹಿಲ್ಡಾ ತನ್ನ ಹಕ್ಕಿಯ ಹೆಸರು ಹೇಳಿದಳು.

"ಖಂಡಿತಾನಾ?" ಎಂದ ಕ್ಲೈವ್.

"ಖಂಡಿತ ಅಂತಲೇ ಅನ್ಸುತ್ತೆ. ನೋಡಿದ್ದು ಎರಡೇ ಹೆಜ್ಜೆ."

ಯಾರೋ ನಕ್ಕರು. ಹೋದ ವರ್ಷ ಇವಳು ಎದುರಿಗಿದ್ದ ಹಂಸಕ್ಕೂ 'ಬಹುಶಃ' ಅಂದಿದ್ದಳು ಎಂದು ನೆನಪಿಸಿದರು. ಆಗ ಹೊಸ ದುರ್ಬೀನಿನ ನೈಜಲ್, ತಾನೂ ನೋಡಿದೆ, ಬಿಟರ್ನೇ, ಅನುಮಾನವೇ ಬೇಡ ಎಂದ. ಕ್ಲೈವ್ ಬರೆದುಕೊಂಡ. ಎಲ್ಲರೂ ನೈಜಲ್‌ನ ಬೆನ್ನು ತಟ್ಟಿದರು. ಇನ್ನು ಮುಂದೆ ತಂಡ ನೈಜಲ್‌ನದು ಎಂದು ಕ್ಲೈವ್ ಅಲ್ಲೇ ಹೇಳಿಬಿಟ್ಟ. ತಂಡವನ್ನು ಕರೆದೊಯ್ಯುವವನಿಗೆ ಕಂಡದ್ದನ್ನು ಕಂಡೆ ಎನ್ನುವ ಧೈರ್ಯ ಬೇಕಂತೆ.

ಹಿಲ್ಡಾ ನೈಜಲ್‌ನ ಪಕ್ಕಕ್ಕೆ ಹೋದಳು. "ನೀನಾಗ ಕಿಂಡಿಗೆ ಬೆನ್ನು ಹಾಕಿ ಸ್ಯಾಂಡ್‌ವಿಚ್ ಬಿಚ್ತಿದ್ದೆ."

"ಹೋಗಿ ಹೇಳು ಹಾಗಾದ್ರೆ," ಎಂದ ಅವನು ತಣ್ಣಗೆ. "ನಿನ್ನ ಹಕ್ಕೀನೂ ಹೋಗುತ್ತೆ. ನಿಂಗೆ ಉಪಕಾರ ಮಾಡಿದೀನಿ ಕಣಮ್ಮ."

ಅವಳು ಕೈಯಲ್ಲಿದ್ದ ಟೀಯನ್ನು ಬಾಗಿಲಾಚೆ ಚೆಲ್ಲಿದಳು. ಹಕ್ಕಿ ನಿಜ, ಪಟ್ಟಿಯಲ್ಲಿ ಅದರ ಎದುರಿಗಿದ್ದ ಎರಡನೆಯ ಸಾಕ್ಷಿ ಸುಳ್ಳು. ಆಮೇಲೆ ಕ್ಲೈವ್‌ನ ಬಳಿ ಹೋಗಿ, ನೈಜಲ್ ಹೊರಗೆ ನೋಡಿಯೇ ಇರಲಿಲ್ಲ, ಬಿಟರ್ನ್ ಅನ್ನು ಪಟ್ಟಿಯಿಂದ ತೆಗೆ ಎಂದಳು.

ಕ್ಲೈವ್ ಅವಳನ್ನು ಮರುಕದಿಂದ ನೋಡಿದ. "ನಿನ್ನ ಕಣ್ಣಿನ ಮೇಲೇ ನಿಂಗೆ ನಂಬಿಕೆ ಇಲ್ಲ. ಈಗ ಅವನ ಕಣ್ಣಿನ ಮೇಲೂ ಇಲ್ವಾ?"

ಜಗಳ ಬೇಡವೆಂದು ಬಿಟರ್ನ್ ಅನ್ನು ಗೀಚಿ ಅಳಿಸಿದ. ನೈಜಲ್‌ಗೆ ಕೊಟ್ಟ ಜಾಗದ ಮಾತೆತ್ತಲಿಲ್ಲ. ಹೊರಡುತ್ತಾ, ಕಿಂಡಿ ಮುಚ್ಚಿಕೊಂಡು ಬಾ ಎಂದು ಎಂದಿನಂತೆ ಅವಳಿಗೇ ಹೇಳಿದ.

ಹಿಲ್ಡಾ ಒಂದೊಂದೇ ಹಲಗೆ ಮುಚ್ಚುತ್ತಾ ಬಂದು ಕೊನೆಯದರ ಮುಂದೆ ನಿಂತಳು. ಜೊಂಡು ಅಲುಗಲಿಲ್ಲ. ನಿಜವಾಗಿಯೂ ನೋಡಿದ್ದೆನೇ ಎಂದು ಈಗ ಅವಳಿಗೇ ಅನುಮಾನ ಬಂತು. ಹಲಗೆ ಇಳಿಸಿ ಅಗುಳಿ ಹಾಕಿದಳು.